ಮಾವನ ಒಮೆಗಾ ಸ್ವಿಟ್ಜರ್ಲೆಂಡಿಗೆ ಕಳಿಸಬೇಕು, ಕೊರಿಯರಿನವರ ‘ಫುಲ್ ಇನ್ಶೂರೆನ್ಸ್’ ನಂಬಬಹುದಾ?

ನೀರ್ಚಾಲಿನವ:

ಎಲ್ಲರಿಗೂ ನಮಸ್ಕಾರ. ನಮ್ಮದು ಬದಿಯಡ್ಕದ ಹತ್ತಿರ. ಸೋದರಮಾವ ಎಂಬತ್ತರ ದಶಕದಲ್ಲಿ ದುಬೈಯಲ್ಲಿದ್ದಾಗ ತೆಗೆದುಕೊಂಡ ಒಮೆಗಾ ಸೀಮಾಸ್ಟರ್ ಈಗ ನನ್ನ ಕೈಗೆ ಬಂದಿದೆ. ಓಡುತ್ತದೆ, ಆದರೆ ಡಯಲ್ ಮೇಲೆ ತೇವ ಹಿಡಿದ ಕಲೆ. ನಮ್ಮೂರ ಮಳೆಗಾಲದಲ್ಲಿ ಕಪಾಟಿನೊಳಗೆ ಇಟ್ಟರೆ ಇನ್ನೇನಾಗುತ್ತದೆ ಹೇಳಿ. ಮಂಗಳೂರಲ್ಲಿ ತೋರಿಸಿದೆ, ಡಯಲಿಗೆ ಹೊಸ ಪೈಂಟ್ ಹೊಡೆದು ಕೊಡುತ್ತೇವೆ ಅಂದರು. ಅದು ಮಾತ್ರ ಬೇಡ. ಹಳೆ ವಾಚ್ ಸರಿಮಾಡುವ ಒಮೆಗಾದವರದ್ದೇ ವಿಭಾಗ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ಉಂಟಲ್ಲ, ಅಲ್ಲಿಗೇ ಕಳಿಸೋಣ ಅಂತ ಇದ್ದೇನೆ.

ನೋಡಿದವರು ಎರಡು ಲಕ್ಷದ ಆಸುಪಾಸು ಬಾಳುತ್ತದೆ ಅನ್ನುತ್ತಾರೆ. ಬಿಲ್ ಇಲ್ಲ. ಪೇಟೆಯ ಕೊರಿಯರ್ ಅಂಗಡಿಯಲ್ಲಿ ಕೇಳಿದರೆ ಶೇಕಡ ಎರಡು ಜಾಸ್ತಿ ಕೊಡಿ, ಫುಲ್ ಇನ್ಶೂರೆನ್ಸ್, ತಲೆಬಿಸಿ ಬೇಡ ಅನ್ನುತ್ತಾರೆ. ಪಾಲಿಸಿ ಕಾಗದ ಎಲ್ಲಿ ಅಂದರೆ ಈ ರಶೀದಿಯೇ ಪಾಲಿಸಿ ಅಂತೆ! ಕಸ್ಟಮ್ಸ್ ಕಿರಿಕಿರಿ ಬೇಡ ಅಂತಾದರೆ ಬೆಲೆ ಐದು ಸಾವಿರ ಅಂತ ಬರೆಯೋಣ ಅಂತಲೂ ಅದೇ ಉಸಿರಿನಲ್ಲಿ ಹೇಳಿದರು. ಇದೆಲ್ಲ ಸರಿಯಾ? ಗೊತ್ತಿರುವವರು ಹೇಳಿ.

ಕುಂಬಳೆ ಕಾರ್ಗೋ:

ಅಣ್ಣ, ಮೊದಲು ಆ ರಶೀದಿಯ ಹಿಂದೆ ಇರುವ ಇರುವೆ ಅಕ್ಷರ ಓದಿ. ನಾನು ಇದೇ ಕೆಲಸದಲ್ಲಿರುವವನು. ಕೊರಿಯರಿನವರು ‘ಇನ್ಶೂರೆನ್ಸ್’ ಅಂತ ಬಾಯಲ್ಲಿ ಹೇಳುವುದು ಹೆಚ್ಚಿನ ಸಲ ಡಿಕ್ಲೇರ್ಡ್ ವ್ಯಾಲ್ಯೂ ಮಾತ್ರ. ನೀವು ಬೆಲೆ ಘೋಷಿಸಿ ಜಾಸ್ತಿ ದುಡ್ಡು ಕೊಟ್ಟರೆ ಅವರ ಹೊಣೆಯ ಮಿತಿ ಮೇಲೆ ಹೋಗುತ್ತದೆ, ಅಷ್ಟೇ. ಹೊಣೆ ಅವರದ್ದೇ, ಷರತ್ತೂ ಅವರದ್ದೇ. ವಿಮಾ ಕಂಪನಿ ನಡುವೆ ಇರುವುದೇ ಇಲ್ಲ.

ಏನೂ ಘೋಷಿಸದೆ ಕಳಿಸಿದರೆ? ಅಂತಾರಾಷ್ಟ್ರೀಯ ವಿಮಾನ ಸರಕಿಗೆ 1999ರ ಮಾಂಟ್ರಿಯಲ್ ಒಪ್ಪಂದ ಇದೆ. ಅದರಲ್ಲಿ ಪರಿಹಾರ ಕೊಡುವುದು ತೂಕಕ್ಕೆ, ಬೆಲೆಗಲ್ಲ. ಕಿಲೋಗೆ 22 ಎಸ್‌ಡಿಆರ್ ಇದ್ದದ್ದು 2024ರ ಡಿಸೆಂಬರ್ 28ರಿಂದ 26 ಆಯಿತು. ಎಸ್‌ಡಿಆರ್ ಅಂದರೆ ಐಎಂಎಫ್‌ನವರ ಲೆಕ್ಕದ ಹಣ. ನಮ್ಮ ರೂಪಾಯಿಯಲ್ಲಿ ಕಿಲೋಗೆ ಹೆಚ್ಚುಕಡಿಮೆ ಮೂರು ಸಾವಿರ. ನಿಮ್ಮ ವಾಚ್ ಪೆಟ್ಟಿಗೆ ಸೇರಿ ಅರ್ಧ ಕಿಲೋ ತೂಗಿದರೆ ಒಂದೂವರೆ ಸಾವಿರ ರೂಪಾಯಿ. ಎರಡು ಲಕ್ಷದ ಒಮೆಗಾಕ್ಕೆ.

ಇನ್ನೊಂದು, ವಾಚು, ಆಭರಣ ಅಂದರೆ ಬೇರೆಯೇ ನಿಯಮ. ಫೆಡೆಕ್ಸ್‌ನ ಅಮೆರಿಕದ ಸರ್ವಿಸ್ ಗೈಡ್‌ನಲ್ಲಿ ಇಂಥ ವಸ್ತುಗಳಿಗೆ ಘೋಷಿಸಬಹುದಾದ ಬೆಲೆಗೇ 1,000 ಡಾಲರ್ ಮಿತಿ ಇದೆ. ನೀವು ಎರಡು ಲಕ್ಷ ಬರೆದು ಅದರ ಮೇಲೆ ಶೇಕಡ ಎರಡು ಕೊಟ್ಟರೂ ಮಿತಿ ದಾಟಿದ್ದಕ್ಕೆ ಕವರ್ ಇರುವುದಿಲ್ಲ. ಹಾಗಾಗಿ ಅಂಗಡಿಯವರ ಮಾತು ಬೇಡ. ‘ವಾಚ್‌ಗೆ ಎಷ್ಟು ರೂಪಾಯಿವರೆಗೆ ಹೊಣೆ’ ಅಂತ ಆ ಕಂಪನಿಯಿಂದಲೇ ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಐದು ಸಾವಿರ ಬರೆಯುವ ವಿಚಾರ ಬಿಟ್ಟುಬಿಡಿ ಮಾರಾಯ್ರೆ. ಕಳೆದುಹೋದರೆ ಸಿಗುವುದು ಹೆಚ್ಚೆಂದರೆ ಆ ಐದು ಸಾವಿರ. ಕಳೆದುಹೋಗದೆ ವಾಪಸ್ ಬಂತು ಅಂತಲೇ ಇಟ್ಟುಕೊಳ್ಳಿ, ಆಗಲೂ ಸಿಕ್ಕಿಬೀಳುತ್ತೀರಿ. ರಿಪೇರಿಗೆ ಹೋದ ಮಾಲು 3 ವರ್ಷದೊಳಗೆ ತಿರುಗಿ ಬಂದರೆ ರಿಪೇರಿ ಖರ್ಚು ಮತ್ತು ಹೋಗಿಬರುವ ಸಾಗಣೆ, ವಿಮೆ ಇಷ್ಟರ ಮೇಲೆ ಮಾತ್ರ ಸುಂಕ ಕಟ್ಟುವ ಅವಕಾಶ ಇದೆ. ಆದರೆ ಹೋದದ್ದೂ ಬಂದದ್ದೂ ಒಂದೇ ವಾಚ್ ಅಂತ ಕಾಗದದಲ್ಲಿ ತೋರಿಸಬೇಕು. ಹೋಗುವಾಗ ಐದು ಸಾವಿರದ ಯಾವುದೋ ವಾಚ್, ಬರುವಾಗ ಎರಡು ಲಕ್ಷದ ಒಮೆಗಾ ಅಂದರೆ ಯಾವ ಆಫೀಸರ್ ಒಪ್ಪುತ್ತಾರೆ? ಮಂಗಳೂರಿನ ಒಬ್ಬ ಕಸ್ಟಮ್ಸ್ ಬ್ರೋಕರ್ ಹಿಡಿದು, ರಿಪೇರಿಗೆ ಅಂತ ನಮೂದಿಸಿ, ವಾಚಿನ ನಂಬರ್ ಸಮೇತ ಶಿಪ್ಪಿಂಗ್ ಬಿಲ್ (ಮಾಲು ಹೊರದೇಶಕ್ಕೆ ಹೋಗುವಾಗ ಕಸ್ಟಮ್ಸ್‌ಗೆ ಕೊಡುವ ಕಾಗದ) ಮಾಡಿಸಿ. ಹಳೆ ಒಮೆಗಾಗಳ ಸೀರಿಯಲ್ ನಂಬರ್ ಒಳಗೆ ಮೂವ್‌ಮೆಂಟ್, ಅಂದರೆ ವಾಚ್ ಓಡಿಸುವ ಯಂತ್ರದ ಮೇಲೆ ಕೊರೆದಿರುತ್ತಾರೆ. ಹಿಂದಿನ ಮುಚ್ಚಳ ಬಿಚ್ಚಿಸದೆ ಕಾಣುವುದಿಲ್ಲ.

ಉಪ್ಪಳ ಟು ಶಾರ್ಜಾ:

ಇಷ್ಟೆಲ್ಲ ಯಾಕೆ? ಗಲ್ಫಿಗೆ ಹೋಗುವವರ ಕೈಯಲ್ಲಿ ಕೊಟ್ಟು ಅಲ್ಲಿಂದ ಕಳಿಸಿದರೆ ಆಗುವುದಿಲ್ವಾ? ನಮ್ಮಲ್ಲಿ ವಾರಕ್ಕೊಬ್ಬರು ಹೋಗುತ್ತಾರೆ.

ಕುಂಬಳೆ ಕಾರ್ಗೋ:

ಉಪ್ಪಳ ಅಣ್ಣ, ಸ್ವಂತ ಅಣ್ಣತಮ್ಮಂದಿರ ಕೈಯಲ್ಲಾದರೆ ಸರಿ. ಬೇರೆಯವರ ವಾಚ್ ಹೊತ್ತುಕೊಂಡು ಹೋದವನಿಗೆ ವಿಮೆಯೂ ಇಲ್ಲ, ಕೇಳಿದರೆ ಉತ್ತರವೂ ಇಲ್ಲ. ನೀರ್ಚಾಲಿನವರೇ ಹೋಗುವುದಾದರೆ ಹೊರಡುವ ಮೊದಲು ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ವಾಚ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬಹುದು. ಬರುವಾಗ ಇದು ನಮ್ಮದೇ ಹಳೆಯದು ಅಂತ ತೋರಿಸಲು ಅದು ಸಾಕು.

ರಿಟೈರ್ಡ್ ಸರ್ವೇಯರ್, ಮಂಜೇಶ್ವರ:

ಕಾರ್ಗೋದವರು ಹೇಳಿದ್ದು ಸರಿ. ವಿಮೆಯ ಕಡೆಯಿಂದ ನಾನು ಸ್ವಲ್ಪ ಸೇರಿಸುತ್ತೇನೆ, ನಷ್ಟ ನೋಡುವ ಕೆಲಸ ಮಾಡಿದವನು.

ನಿಜವಾದ ವಿಮೆ ಬೇಕಾದರೆ ವಿಮಾ ಕಂಪನಿಯಲ್ಲಿ ಟ್ರಾನ್ಸಿಟ್ ಪಾಲಿಸಿ, ಅಂದರೆ ಸಾಗಣೆಯ ವಿಮೆ ಕೇಳಬೇಕು. ವಿಮಾನದಲ್ಲಿ ಹೋದರೂ ಇದನ್ನು ಮರೀನ್ (ಸಮುದ್ರ ವಿಮೆ) ವಿಭಾಗದವರೇ ಕೊಡುವುದು. ಒಂದೇ ವಾಚ್ ಅಂದರೆ ಕೆಲವರು ಮುಖ ತಿರುಗಿಸುತ್ತಾರೆ, ಆಗ ವಿಮಾ ಬ್ರೋಕರ್ ಮೂಲಕ ಹೋಗಿ. ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಝಸ್ (ಏರ್) ಅನ್ನುವ ಷರತ್ತುಗಳದ್ದು, ಅಂದರೆ ಆಲ್ ರಿಸ್ಕ್ಸ್ ಥರದ್ದೇ ಕೇಳಿ. ಆಲ್ ರಿಸ್ಕ್ಸ್ ಅಂದ ಮಾತ್ರಕ್ಕೆ ಎಲ್ಲವೂ ಅಲ್ಲ. ಪ್ಯಾಕಿಂಗ್ ಸರಿಯಿಲ್ಲದೆ ಆದ ಹಾನಿ, ತಡವಾದ ನಷ್ಟ, ಸವೆತ ಇವೆಲ್ಲ ಹೊರಗೆ. ಪೆಟ್ಟಿಗೆಗೆ ಒಂದು ಗೀರೂ ಇಲ್ಲದೆ ಒಳಗೆ ವಾಚ್ ನಿಂತುಹೋದರೆ ‘ಮೆಕ್ಯಾನಿಕಲ್ ಡಿರೇಂಜ್‌ಮೆಂಟ್’ (ಯಂತ್ರ ತಾನಾಗಿಯೇ ಕೆಟ್ಟದ್ದು) ಅಂತ ಹೇಳಿ ಕೈಬಿಡುವುದೂ ಉಂಟು.

ಬಿಲ್ ಇಲ್ಲ ಅಂದಿರಲ್ಲ, ನನಗೆ ಕಾಣುವ ದೊಡ್ಡ ತೊಡಕು ಅದೇ. ಮೌಲ್ಯಮಾಪಕರಿಂದ ಲಿಖಿತ ಸರ್ಟಿಫಿಕೇಟ್ ತೆಗೆದು, ಪಾಲಿಸಿಯಲ್ಲಿ ಒಪ್ಪಿದ ಬೆಲೆ ಅಂತಲೇ ಬರೆಸಿ. 1963ರ ಮರೀನ್ ಇನ್ಶೂರೆನ್ಸ್ ಕಾಯ್ದೆಯಲ್ಲಿ ಇದಕ್ಕೆ ವ್ಯಾಲ್ಯೂಡ್ ಪಾಲಿಸಿ ಅಂತ ಜಾಗ ಇದೆ. ವಾಚ್ ಹೋದ ಮೇಲೆ ಅದು ಎರಡು ಲಕ್ಷದ್ದಾ ಎಂಬತ್ತು ಸಾವಿರದ್ದಾ ಅಂತ ಚರ್ಚೆ ಮಾಡುತ್ತಾ ಕೂರಬೇಕಾಗಿಲ್ಲ.

ಹೆಚ್ಚಿನವರು ಗಮನಿಸದ ವಿಷಯ: ಟ್ರಾನ್ಸಿಟ್ ಪಾಲಿಸಿ ಅಲ್ಲಿಯ ವಿಳಾಸಕ್ಕೆ ತಲುಪಿಸಿದ ಕೂಡಲೇ ಮುಗಿಯುತ್ತದೆ. ತಲುಪದೇ ಇದ್ದರೂ ಕೊನೆಯ ಏರ್‌ಪೋರ್ಟ್‌ನಲ್ಲಿ ಇಳಿಸಿ 30 ದಿನಕ್ಕೆ ಮುಗಿಯುತ್ತದೆ. ಹಳೆ ವಾಚ್ ರಿಪೇರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ಅದು ಯಾರ ಜವಾಬ್ದಾರಿ? ವಾಪಸ್ ಕಳಿಸುವಾಗ ಯಾರ ವಿಮೆ, ಎಷ್ಟು ಬೆಲೆಗೆ? ರಿಪೇರಿಯವರಿಗೆ ಈಗಲೇ ಬರೆದು ಕೇಳಿ. ಇಲ್ಲಿಯ ಅಧಿಕೃತ ಸರ್ವಿಸ್ ಸೆಂಟರಿನ ಮೂಲಕ ಹೋದರೂ ಇದೇ ಪ್ರಶ್ನೆ ಕೇಳಲೇಬೇಕು, ಬಿಡಬೇಡಿ.

ಹಾನಿಯಾಗಿ ಬಂದರೆ ಸಾಗಣೆಯವರಿಗೆ 14 ದಿನದೊಳಗೆ ಲಿಖಿತ ದೂರು ಹೋಗಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಉಪ್ಪಳ ಟು ಶಾರ್ಜಾ:

ಕೈಯಲ್ಲಿ ಕೊಡುವುದು ಬೇಡ, ಒಪ್ಪಿದೆ. ತೂಕದ ವಿಚಾರ ಬಂತಲ್ಲ, ನಮ್ಮ ಭಾವನದ್ದು ಹೇಳುತ್ತೇನೆ. ಒಂದು ಕಂಪನಿಯಲ್ಲಿ ಕಳಿಸಿದ್ದು, ಹೆಸರು ಬೇಡ. ಪೆಟ್ಟಿಗೆ ಬಂತು, ಟೇಪ್ ಸರಿಯಾಗಿಯೇ ಇತ್ತು, ಒಳಗೆ ಬರೀ ಸ್ಪಾಂಜ್. ನೀವು ಖಾಲಿಯೇ ಕಳಿಸಿರಬಹುದು ಅಂದರು! ಬಚಾವಾದದ್ದು ಏರ್‌ವೇ ಬಿಲ್‌ನ (ವಿಮಾನ ಸಾಗಣೆಯ ರಶೀದಿ) ತೂಕದಿಂದ. ಬುಕ್ ಮಾಡುವಾಗ 640 ಗ್ರಾಂ ಅಂತ ಅವರೇ ಬರೆದಿದ್ದರು. ಭಾವ ಸಹಿ ಹಾಕುವ ಮೊದಲೇ ಡೆಲಿವರಿ ಹುಡುಗನ ಎದುರಲ್ಲಿ ತೂಗಿಸಿದ, 490. ಆ ಫೋಟೋ ಇಟ್ಟುಕೊಂಡೇ ದುಡ್ಡು ಬಂದದ್ದು. ಅಂಗಡಿಯವರು ‘ಅರ್ಧ ಕಿಲೋ’ ಅಂತ ಸುಮ್ನೆ ಅಂದಾಜಿಗೆ ಬರೆಯಲು ಬಿಡಬೇಡಿ, ಗ್ರಾಂ ಲೆಕ್ಕದಲ್ಲಿ ಬರೆಸಿ. ಹೊರಗಿನ ರಟ್ಟಿನ ಮೇಲೆ ಒಮೆಗಾ ಅಂತ ಹೆಸರೂ ಬೇಡ.

ಪೆರ್ಲದ ಅಕ್ಕ:

ನಡುವೆ ಬಾಯಿ ಹಾಕುತ್ತೇನೆ. ನಮ್ಮ ಅಜ್ಜನ ವೆಸ್ಟ್ ಎಂಡ್ ಪಾಕೆಟ್ ವಾಚ್ ಉಂಟು, ಮಗನಿಗೆ ಲಂಡನ್‌ಗೆ ಕಳಿಸಬೇಕು. ಇದಕ್ಕೂ ಹೀಗೆಯೇ ಅಲ್ವಾ?

ಕುಂಬಳೆ ಕಾರ್ಗೋ:

ಅಕ್ಕ, ಅದಕ್ಕೆ ಎಷ್ಟು ವರ್ಷ ಅಂತ ಮೊದಲು ನೋಡಿಸಿ. 100 ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರಬಹುದು, ಹಾಗಾದರೆ ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಅಲ್ಲ ಅಂತಾದರೆ ಪುರಾತತ್ವ ಇಲಾಖೆಯಿಂದ ಹಾಗಂತ ಸರ್ಟಿಫಿಕೇಟ್ ತೆಗೆದುಕೊಳ್ಳಿ. ವಿಮೆ ಆಮೇಲೆ.

ನೀರ್ಚಾಲಿನವ:

ಎಲ್ಲರಿಗೂ ಥ್ಯಾಂಕ್ಸ್. ಆ ಅಂಗಡಿ ಕೈಬಿಟ್ಟೆ. ಮೊದಲು ಬೀಲ್‌ನವರಿಗೆ ವಾಪಸ್ ಬರುವ ವಿಮೆಯ ಬಗ್ಗೆ ಮೇಲ್ ಹಾಕುತ್ತೇನೆ, ಮುಚ್ಚಳ ಬಿಚ್ಚಿಸಿ ನಂಬರಿನ ಫೋಟೋ ತೆಗೆಸುತ್ತೇನೆ. ಬೆಲ್ಟ್ ಮಾವ ಆಮೇಲೆ ಹಾಕಿಸಿದ್ದು, ಮೊಸಳೆ ಚರ್ಮದ್ದು. ಹಾಗೇ ಇರಲಿ ಅಲ್ವಾ?

ರಿಟೈರ್ಡ್ ಸರ್ವೇಯರ್, ಮಂಜೇಶ್ವರ:

ಬೇಡವೇ ಬೇಡ, ಬಿಚ್ಚಿ ಮನೆಯಲ್ಲಿಡಿ. ಮೊಸಳೆ ಚರ್ಮ ಸೈಟಿಸ್, ಅಂದರೆ ಕಾಡುಪ್ರಾಣಿ-ಸಸ್ಯಗಳ ವ್ಯಾಪಾರಕ್ಕೆ ಲಗಾಮು ಹಾಕುವ ಅಂತಾರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ ಬರುತ್ತದೆ, ಪರ್ಮಿಟ್ ಇಲ್ಲದೆ ಗಡಿಯಲ್ಲಿ ಹಿಡಿದರೆ ಅದಕ್ಕೆ ವಿಮೆಯವರು ದುಡ್ಡು ಕೊಡುವುದಿಲ್ಲ. ಬಿಚ್ಚುವಾಗ ಬೆಲ್ಟ್ ಹಿಡಿದಿಡುವ ಎರಡು ಸ್ಪ್ರಿಂಗ್ ಬಾರ್ ಹಾರಿಹೋಗದಂತೆ ನೋಡಿಕೊಳ್ಳಿ.