ಸ್ತ್ರೀರೋಗ ವಿಭಾಗದಲ್ಲಿ ಒಳ ಪರೀಕ್ಷೆಯನ್ನು ಕಲಿಸುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ (ಬೋಧಕಿ, ಸ್ತ್ರೀರೋಗ ವಿಭಾಗ):
ಥಿಯರಿಯಲ್ಲಿ ಗಟ್ಟಿಗರಾದ ವಿದ್ಯಾರ್ಥಿಗಳು ಕೂಡ ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಒಳಗೆ ನೋಡಲು ಬಳಸುವ ಉಪಕರಣ) ಕೈಗೆ ಬಂದೊಡನೆ ರೋಗಿಯ ಮುಖ ನೋಡುವುದನ್ನೇ ಮರೆತುಬಿಡುತ್ತಾರೆ. ಮ್ಯಾನಿಕಿನ್ (ಅಭ್ಯಾಸಕ್ಕಾಗಿ ಮಾಡಿದ ದೇಹದ ಮಾದರಿ) ಮೇಲೆ ಸಲೀಸಾಗಿ ಮಾಡಿದ್ದನ್ನು ಹೊರರೋಗಿ ವಿಭಾಗದಲ್ಲಿ ಮಾಡಲು ಹೋದಾಗ ಕೈ ನಡುಗುತ್ತದೆ. ಹಲವು ಮಹಿಳೆಯರು ವಿದ್ಯಾರ್ಥಿಗಳಿಂದ ಪರೀಕ್ಷೆ ಬೇಡವೆನ್ನುತ್ತಾರೆ. ಆ ಹಕ್ಕು ಅವರಿಗಿದೆ. ಅದರಲ್ಲೂ ಗಂಡು ವಿದ್ಯಾರ್ಥಿಗಳಿಗೆ ಅವಕಾಶ ಸಿಗುವುದೇ ಅಪರೂಪ. ಕೌಶಲವನ್ನೂ ಕಲಿಸಿ, ಯಾರ ಘನತೆಗೂ ಕುಂದು ಬಾರದಂತೆ ನೋಡಿಕೊಳ್ಳಲು ತಾವೆಲ್ಲರೂ ಯಾವ ಕ್ರಮ ಅನುಸರಿಸುತ್ತೀರಿ?

ಉತ್ತರ 1 (ನಿವೃತ್ತ ಪ್ರಾಧ್ಯಾಪಕ):
ಮೇಡಂ, ಮ್ಯಾನಿಕಿನ್‌ನಿಂದ ಕೈಗೆ ದಾರಿ ತಿಳಿಯುತ್ತದೆ, ಅಷ್ಟೇ. ಸ್ಪೆಕ್ಯುಲಮ್‌ನ ಅಲಗುಗಳನ್ನು ಮುಚ್ಚಿಟ್ಟುಕೊಂಡು, ಮೇಲ್ಗಡೆಯ ಮೂತ್ರನಾಳಕ್ಕೆ ಒತ್ತಡ ಬೀಳದಂತೆ ಹಿಂಭಾಗದ ಕಡೆಗೆ ಇಳಿಜಾರಾಗಿ ಒಳಸೇರಿಸಬೇಕು, ಪೂರ್ತಿ ಒಳಹೋದ ಮೇಲಷ್ಟೇ ನಿಧಾನವಾಗಿ ತೆರೆಯಬೇಕು, ಹೊರತೆಗೆಯುವಾಗ ಅಲಗುಗಳು ಗರ್ಭಕಂಠವನ್ನು ದಾಟುವವರೆಗೆ ಮುಚ್ಚಬಾರದು ಎಂಬುದನ್ನೆಲ್ಲ ಅದರ ಮೇಲೆಯೇ ರೂಢಿಸಿಕೊಳ್ಳಬಹುದು. ಆದರೆ ಅಲ್ಲಿ ಗರ್ಭಕಂಠ ಸದಾ ಒಂದೇ ಜಾಗದಲ್ಲಿರುತ್ತದೆ. ನೋವಾಯಿತೆಂದು ರಬ್ಬರು ಹೇಳುವುದಿಲ್ಲ.

ಈ ಕೊರತೆಯನ್ನು ನೀಗಿಸಲು 1970ರ ದಶಕದ ಆರಂಭದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಡಾ. ರಾಬರ್ಟ್ ಕ್ರೆಟ್ಸ್‌ಮಾರ್ ಒಂದು ಪದ್ಧತಿಯನ್ನು ಬೆಳೆಸಿದರು. ತರಬೇತಿ ಪಡೆದ ಮಹಿಳೆಯೇ ತನ್ನ ದೇಹದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳುತ್ತಾ, ಒತ್ತಡ ಎಲ್ಲಿ ಹೆಚ್ಚಾಯಿತು, ಯಾವ ಮಾತು ಮುಜುಗರ ತಂದಿತು, ಅಂಡಾಶಯ ಕೈಗೆ ಸಿಕ್ಕಿತೇ ಇಲ್ಲವೇ ಎಂಬುದನ್ನು ಆ ಕ್ಷಣದಲ್ಲೇ ಹೇಳಿ ತಿದ್ದುವ ಪದ್ಧತಿಯದು. ಇವರನ್ನು ಗೈನಕಾಲಜಿಕಲ್ ಟೀಚಿಂಗ್ ಅಸೋಸಿಯೇಟ್ ಎನ್ನುತ್ತಾರೆ. ಪರೀಕ್ಷೆಗೆ ಒಳಗಾಗುವವಳೇ ಗುರುವಾದಾಗ ವಿದ್ಯಾರ್ಥಿಯ ಕೈಯೂ ಮಾತೂ ಒಟ್ಟಿಗೆ ಪಳಗುತ್ತವೆ. ನನ್ನ ಮಟ್ಟಿಗೆ ಇದಕ್ಕೆ ಸಮನಾದ ಬೇರೊಂದು ಪದ್ಧತಿ ಇಲ್ಲ.

ಉತ್ತರ 2 (ಅರಿವಳಿಕೆ ತಜ್ಞೆ):
ಶಸ್ತ್ರಚಿಕಿತ್ಸಾ ಕೊಠಡಿಯ ವಿಷಯವನ್ನೂ ಇಲ್ಲಿ ಸೇರಿಸಲೇಬೇಕು. ಪ್ರಜ್ಞೆಯಿಲ್ಲದ ರೋಗಿಯ ಸ್ನಾಯುಗಳು ಸಡಿಲವಾಗಿರುವುದರಿಂದ ಕಲಿಯಲು ಸುಲಭವೆಂಬ ಕಾರಣಕ್ಕೆ, ಆಕೆಯನ್ನು ಕೇಳದೆಯೇ ವಿದ್ಯಾರ್ಥಿಗಳಿಂದ ಒಳ ಪರೀಕ್ಷೆ ಮಾಡಿಸುವುದು ಹಲವು ಕಡೆ ಬಹುಕಾಲ ನಡೆದು ಬಂದಿತ್ತು. ಇದು ಅಕ್ಷಮ್ಯ. ಕ್ಯಾಲಿಫೋರ್ನಿಯಾ 2003ರಲ್ಲೇ ಇದನ್ನು ಕಾನೂನಿನಿಂದ ನಿಷೇಧಿಸಿತು; 2024ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಆರೋಗ್ಯ ಇಲಾಖೆಯು ಇಂಥ ಪರೀಕ್ಷೆಗಳಿಗೆ ಆಸ್ಪತ್ರೆಗಳು ಮೊದಲೇ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಸ್ಪಷ್ಟಪಡಿಸಿತು. ಯಾರು, ಯಾವ ಪರೀಕ್ಷೆಯನ್ನು, ಏತಕ್ಕಾಗಿ ಮಾಡುತ್ತಾರೆಂದು ರೋಗಿ ಎಚ್ಚರವಿರುವಾಗಲೇ ಪ್ರತ್ಯೇಕವಾಗಿ ತಿಳಿಸಿ ಕೇಳಬೇಕು. ಶಸ್ತ್ರಚಿಕಿತ್ಸೆಗೆ ಹಾಕಿದ ಸಹಿಯೊಳಗೆ ಇದೂ ಅಡಗಿದೆ ಎಂದು ವಿದ್ಯಾರ್ಥಿ ಭಾವಿಸಿದರೆ, ಆತನಿಗೆ ಒಪ್ಪಿಗೆಯ ಮೊದಲ ಪಾಠವೇ ಆಗಿಲ್ಲವೆಂದರ್ಥ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ತರಬೇತಿ ಪಡೆದ ಅಂಥ ಮಹಿಳೆಯರು ನಮಗೆ ಸದ್ಯಕ್ಕೆ ಸಿಗುವಂತಿಲ್ಲ. ಆ ಸಂದರ್ಭದಲ್ಲಿ ಏನು ಮಾಡಬಹುದು?

ಉತ್ತರ 3 (ಶುಶ್ರೂಷಾ ಬೋಧಕಿ):
ಮ್ಯಾನಿಕಿನ್ ಪಕ್ಕದಲ್ಲಿ ಒಬ್ಬರನ್ನು ರೋಗಿಯ ಪಾತ್ರದಲ್ಲಿ ಕೂರಿಸಿ. ಕೈಗಳು ಮಾದರಿಯ ಮೇಲಿದ್ದರೂ ವಿದ್ಯಾರ್ಥಿಯು ಅವರೊಡನೆ ಮಾತಾಡುತ್ತಲೇ ಪರೀಕ್ಷೆ ಮುಗಿಸಬೇಕು. ಮೂತ್ರ ವಿಸರ್ಜಿಸಿ ಬರಲು ಹೇಳಿದರೇ, ಜೊತೆಗೊಬ್ಬ ಸಹಾಯಕಿ ಇರಲೆಂದು ಕೇಳಿದರೇ, ಬೇಕಾದಷ್ಟೇ ಭಾಗವನ್ನು ತೆರೆದು ಉಳಿದುದಕ್ಕೆ ಬಟ್ಟೆ ಹೊದಿಸಿದರೇ, ಮುಟ್ಟುವ ಮುನ್ನ ಹೇಳಿದರೇ ಎಂದು ಗಮನಿಸಿ. ನಡುವೆ ಒಮ್ಮೆ ಆ ಪಾತ್ರಧಾರಿ "ಸಾಕು, ನಿಲ್ಲಿಸಿ" ಎನ್ನಲಿ. ಕೈ ತಕ್ಷಣ ನಿಲ್ಲದಿದ್ದರೆ ಉಳಿದೆಲ್ಲ ಸರಿಯಾಗಿದ್ದರೂ ಅಭ್ಯಾಸವನ್ನು ಮೊದಲಿನಿಂದ ಮಾಡಿಸಿ. "ಸಡಿಲ ಬಿಡಿ" ಎಂದು ಗದರುವವರೇ ಹೆಚ್ಚು. ಅದರ ಬದಲು ಉಸಿರನ್ನು ನಿಧಾನವಾಗಿ ಹೊರಬಿಡಲು ಹೇಳುವುದನ್ನು ಕಲಿಸಿ.

ಗಂಡು ವಿದ್ಯಾರ್ಥಿಗಳ ವಿಷಯದಲ್ಲಿ, ಒಪ್ಪಿಗೆಯನ್ನು ವಿದ್ಯಾರ್ಥಿ ಎದುರಿಗಿಲ್ಲದಾಗಲೇ ಕೇಳಿ. ಎದುರಿಗಿದ್ದರೆ ದಾಕ್ಷಿಣ್ಯಕ್ಕೆ ಹೂಂ ಎನ್ನುವವರುಂಟು. ಬೇಡವೆಂದರೆ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗದೆಂದು ಸ್ಪಷ್ಟವಾಗಿ ಹೇಳಿ. ಒಪ್ಪಿದವರ ಪರೀಕ್ಷೆಯನ್ನು ತಾವು ಪಕ್ಕದಲ್ಲಿದ್ದು ಒಬ್ಬ ವಿದ್ಯಾರ್ಥಿಯಿಂದ ಮಾತ್ರ ಮಾಡಿಸಿ, ಸುತ್ತ ಗುಂಪು ನಿಲ್ಲುವುದು ಬೇಡ. ಕೌಶಲ ಪರೀಕ್ಷೆಯ ಅಂಕಪಟ್ಟಿಯಲ್ಲೂ ರೋಗಿಯ ಪಾತ್ರ ವಹಿಸಿದವರು ಕೊಡುವ ಅಂಕಕ್ಕೆ ಜಾಗವಿರಲಿ. ಅಂಕವಿದ್ದೆಡೆಗೆ ವಿದ್ಯಾರ್ಥಿಯ ಗಮನ ತಾನಾಗಿ ಹೋಗುತ್ತದೆ.