ಸೋಲ್ಡರಿಂಗ್ ಐರನ್‌ನ ಬಿಟ್ ಕಚ್ಚಿಕೊಂಡಿದೆ, ಹೊರಗೆ ಬರುತ್ತಿಲ್ಲ

ಪ್ರಶ್ನೆ:
ನನ್ನದು 25 ವ್ಯಾಟ್‌ನ ಸಾಧಾರಣ ಐರನ್. ಬಿಟ್ (ಕಾಯುವ ತುದಿ) ಕಪ್ಪಾಗಿದೆ, ಬೆಸುಗೆಯ ಸೀಸ (ಸೋಲ್ಡರ್) ಹಿಡಿಯದೆ ಗುಂಡಾಗಿ ಉದುರುತ್ತದೆ. ಬದಲಾಯಿಸೋಣವೆಂದು ಪಕ್ಕದ ಸ್ಕ್ರೂ ಬಿಚ್ಚಿದೆ, ಬಿಟ್ ಅಲುಗಾಡುತ್ತಿಲ್ಲ. ಇಕ್ಕಳದಿಂದ ಬಲವಾಗಿ ತಿರುಗಿಸಬಹುದೇ? ಕೀಲೆಣ್ಣೆ ಬಿಟ್ಟರೆ ಸಡಿಲವಾದೀತೇ?

ಉತ್ತರ:
ದಯವಿಟ್ಟು ಎರಡನ್ನೂ ಮಾಡಬೇಡಿ. ಬಿಟ್ ಕೂತಿರುವ ಕೊಳವೆಯ ಸುತ್ತ ಅಭ್ರಕದ ಹಾಳೆ, ಅದರ ಮೇಲೆ ಐರನ್ ಕಾಯಿಸುವ ಕೂದಲೆಳೆಯಂಥ ನಿಕ್ರೋಮ್ ತಂತಿ ಇರುತ್ತದೆ. ಹಿಡಿಯನ್ನು ಹಿಡಿದು ಬಿಟ್ ತಿರುಚಿದರೆ ಕೊಳವೆಯೂ ಜೊತೆಗೆ ತಿರುಗಿ ತಂತಿ ತುಂಡಾಗುತ್ತದೆ. ಎಣ್ಣೆ ಬಿಟ್ಟರೆ ಕಾದಾಗ ಸುಟ್ಟು ಇಂಗಾಲವಾಗಿ ಇನ್ನಷ್ಟು ಬಿಗಿಯುತ್ತದೆ.

ತಾಮ್ರ ಬಿಸಿಯಲ್ಲಿ ಆಕ್ಸೈಡ್ ಆಗಿ ಉಬ್ಬಿ ಕೊಳವೆಯನ್ನು ಕಚ್ಚುತ್ತದೆ. ಬಿಸಿಯಿದ್ದಾಗ ಎಳೆಯಬೇಕೆಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಉಕ್ಕಿಗಿಂತ ತಾಮ್ರ ಹೆಚ್ಚು ಹಿಗ್ಗುತ್ತದೆ, ಆದ್ದರಿಂದ ಉಕ್ಕಿನ ಕೊಳವೆಯೊಳಗೆ ಬಿಸಿ ಬಿಟ್ ಇನ್ನೂ ಬಿಗಿಯಾಗಿರುತ್ತದೆ. ಚೆನ್ನಾಗಿ ಕಾಯಿಸಿ, ಪ್ಲಗ್ ತೆಗೆದು, ಪೂರ್ತಿ ತಣ್ಣಗಾಗಲು ಬಿಡಿ. ಕೆಲವು ಬಾರಿ ಹೀಗೆ ಮಾಡಿದರೆ ಆಕ್ಸೈಡ್ ಪದರ ಬಿರುಕು ಬಿಡುತ್ತದೆ. ಆಮೇಲೆ ಒಂದು ಇಕ್ಕಳದಲ್ಲಿ ಕೊಳವೆಯ ತುದಿಯನ್ನೂ ಇನ್ನೊಂದರಲ್ಲಿ ಬಿಟ್ಟನ್ನೂ ಹಿಡಿದು, ಎಡಕ್ಕೂ ಬಲಕ್ಕೂ ಕೂದಲಿನಷ್ಟೇ ಅಲುಗಿಸಿ. ಒಮ್ಮೆ ಅಲುಗಿತೆಂದರೆ ಎಳೆಯುವುದು ಸುಲಭ.

ಪ್ರಶ್ನೆ ಕೇಳಿದವರು:
ಬಂತು ಸರ್, ತುಂಬಾ ಧನ್ಯವಾದ! ಒಳಗಿಂದ ಕಪ್ಪು ಪುಡಿ ಉದುರಿತು. ಹಳೆಯ ಬಿಟ್ಟನ್ನೇ ಅರದಿಂದ ಉಜ್ಜಿ ಬಳಸಬಹುದೇ?

ಉತ್ತರ:
ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ತಾಮ್ರದ ಮೇಲೆ ಕಬ್ಬಿಣದ ಲೇಪವಿದೆ ಎಂದರ್ಥ. ಅದಕ್ಕೆ ಅರ, ಉಪ್ಪುಕಾಗದ ಯಾವುದೂ ಬೇಡ. ಲೇಪ ಹೋದರೆ ಕರಗಿದ ಸೀಸ ಒಳಗಿನ ತಾಮ್ರವನ್ನು ತಿಂದು ಗುಳಿ ಮಾಡುತ್ತದೆ. ಕಾಯಿಸಿ, ಹಿತ್ತಾಳೆಯ ನಾರಿನಲ್ಲಿ ಒರೆಸಿ, ರಾಳ ಮುಟ್ಟಿಸಿ ಸೀಸ ಹತ್ತಿಸಿ. ಅಂಟದಿದ್ದರೆ ಬರಿಯ ತಾಮ್ರ, ಧೈರ್ಯವಾಗಿ ಅರ ಹಾಕಿ. ಪಾತ್ರೆಗೆ ಕಲಾಯಿ ಹಾಕುವವರು ಉಜ್ಜಿದ ಕೂಡಲೇ ತವರ ಬಳಿಯುವ ಹಾಗೆ, ಇಲ್ಲಿಯೂ ತಡಮಾಡಬಾರದು: ಕಾಯುತ್ತಿರುವಾಗಲೇ ಒಳಗೆ ರಾಳವಿರುವ ಸೀಸದ ತಂತಿಯನ್ನು ತುದಿಗೆ ಒತ್ತಿಡಿ, ಅದು ಕರಗುವ ಹೊತ್ತಿಗೆ ಹೊಳಪು ಹಿಡಿದಿರುತ್ತದೆ. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯುವುದನ್ನು ಮರೆಯಬೇಡಿ.

ಮತ್ತೊಬ್ಬ ಸದಸ್ಯರು:
ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. 230 ವೋಲ್ಟ್, 25 ವ್ಯಾಟ್ ಐರನ್‌ಗೆ ವಿದ್ಯುತ್ ಹರಿಯುವ ಎರಡು ಪಿನ್‌ಗಳ ನಡುವೆ ಸುಮಾರು 2,100 ಓಮ್ ಬರಬೇಕು. ಆ ಪಿನ್‌ಗಳಿಂದ ಕೊಳವೆಗೆ ಯಾವ ಸಂಪರ್ಕವೂ ತೋರಿಸಬಾರದು. ತೋರಿಸಿದರೆ ಅಭ್ರಕ ಒಡೆದಿದೆ, ಆ ಐರನ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಎಲ್ಲ ಸರಿಯಿದ್ದರೆ ಕೊಳವೆಯ ಪುಡಿಯನ್ನು ತಟ್ಟಿ ಉದುರಿಸಿ, ಬಿಟ್ ಹಾಕಿ, ಸ್ಕ್ರೂವನ್ನು ಹದವಾಗಿ ಬಿಗಿ ಮಾಡಿ. ಆಗಾಗ, ತಣ್ಣಗಿರುವಾಗ, ಬಿಟ್ಟನ್ನು ಹೊರತೆಗೆದು ಪುಡಿ ಒರೆಸುತ್ತಿದ್ದರೆ ಮತ್ತೆ ಕಚ್ಚುವುದಿಲ್ಲ.