ಟಿಬಿ ಮಾತ್ರೆಯಿಂದ ಅಮ್ಮನಿಗೆ ವಾಂತಿ, ಡೋಸ್ ಕಮ್ಮಿ ಮಾಡಬಹುದಾ?

ಅರಸೀಕೆರೆ ಹುಡುಗ

ನಮಸ್ಕಾರ ಎಲ್ಲರಿಗೂ. ಅಮ್ಮನಿಗೆ 52 ವರ್ಷ, ತೂಕ 46 ಕೆಜಿ. ಶ್ವಾಸಕೋಶದ ಟಿಬಿ. ಸರ್ಕಾರಿ ಮಾತ್ರೆ ಶುರುವಾಗಿ ಇವತ್ತಿಗೆ 24 ದಿನ. ದಿನಕ್ಕೆ ಮೂರು, ಮೂರೂ ಬೆಳಿಗ್ಗೆ ಒಟ್ಟಿಗೆ. ಮೊದಲ ದಿನವೇ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿ, ರಕ್ತ ಹೋಗ್ತಿದೆ ಅಂತ ಅಮ್ಮ ಅತ್ತೇಬಿಟ್ಟರು. ಆಶಾ ಅಕ್ಕ ಬಂದು ಅದು ಮಾತ್ರೆ ಬಣ್ಣ ಅಂದ ಮೇಲೆ ಸಮಾಧಾನ ಆಯಿತು.

ಈಗ ನಾಲ್ಕು ದಿನದಿಂದ ಬೇರೆ ಕಥೆ. ಊಟ ಕಂಡರೆ ಮುಖ ತಿರುಗಿಸುತ್ತಾರೆ. ಮಾತ್ರೆ ನುಂಗಿದ ಮೇಲೆ ಮಾತ್ರ ಅಲ್ಲ, ಸಂಜೆಯೂ ವಾಂತಿ. ಕೀಲು ನೋವು ಅಂತ ನಾನೇ ಮೆಡಿಕಲ್‌ನಿಂದ ಪ್ಯಾರಸಿಟಮಾಲ್ ತಂದು ದಿನಕ್ಕೆ ಮೂರು ಕೊಡುತ್ತಿದ್ದೇನೆ. ಸೋದರಮಾವ ಹೇಳೋದು, ಮೂರು ಮಾತ್ರೆ ಒಟ್ಟಿಗೆ ಕೊಟ್ಟರೆ ಹೀಟ್ ಆಗುತ್ತೆ, ಹೊತ್ತಿಗೊಂದರಂತೆ ಕೊಡು, ಇಲ್ಲಾಂದ್ರೆ ಒಂದನ್ನೇ ಕೊಡು ಅಂತ. ಕೆಮ್ಮು ಹೇಗೂ ನಿಂತಿದೆ. ಹಾಗೆ ಮಾಡಬಹುದಾ? ಅಮ್ಮನಿಗೆ ಶುಗರ್ ಮಾತ್ರೆಯೂ ನಡೀತಿದೆ.

ಹಳೇ ಹೆಲ್ತ್ ವಿಸಿಟರ್

ತಮ್ಮಾ, ಮೊದಲು ಒಂದು ಕೆಲಸ ಮಾಡು. ಅಮ್ಮನನ್ನು ಕಿಟಕಿ ಹತ್ತಿರ ಹಗಲು ಬೆಳಕಲ್ಲಿ ಕೂರಿಸಿ, ಕೆಳರೆಪ್ಪೆ ಎಳೆದು, ಕಣ್ಣಿನ ಬಿಳಿ ಭಾಗ ನೋಡು. ಬಲ್ಬ್ ಬೆಳಕಲ್ಲಿ ನೋಡಬೇಡ, ಎಲ್ಲರ ಕಣ್ಣೂ ಹಳದಿ ಕಾಣುತ್ತೆ. ನೋಡಿ ಇಲ್ಲಿ ಬರಿ.

ಯಾಕೆ ಕೇಳ್ತಿದ್ದೀನಿ ಅಂದರೆ, ನೀನು ಹೇಳುವ ವಾಂತಿ ಸಾಮಾನ್ಯ ವಾಂತಿ ಥರ ಇಲ್ಲ. ಮಾತ್ರೆ ನುಂಗಿದ ಅರ್ಧ ಗಂಟೆಗೆ ಹೊಟ್ಟೆ ತೊಳೆಸಿ ಆಮೇಲೆ ಸರಿಹೋದರೆ ಅದಕ್ಕೆ ದಾರಿ ಇದೆ, ಡಾಕ್ಟರ್‌ಗೆ ಹೇಳಿ ಎರಡು ಇಡ್ಲಿ ತಿನ್ನಿಸಿ ಆಮೇಲೆ ಕೊಡಬಹುದು. ಆದರೆ ದಿನವಿಡೀ ವಾಂತಿ, ಊಟ ಬೇಡ, ಸುಸ್ತು ಅಂದರೆ ಲಿವರ್ ಮೇಲೇ ಅನುಮಾನ. ಆ ಒಂದೊಂದು ಮಾತ್ರೆಯೊಳಗೂ ನಾಲ್ಕು ಔಷಧಿ ಇವೆ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಇದರಲ್ಲಿ ಮೊದಲ ಮೂರೂ ಲಿವರ್‌ಗೆ ತೊಂದರೆ ಕೊಡಬಲ್ಲವು. ಅದರ ಮೇಲೆ ನೀನು ಪ್ಯಾರಸಿಟಮಾಲ್ ಬೇರೆ ಸೇರಿಸಿದ್ದೀಯ. ಅದನ್ನು ಈಗಲೇ ನಿಲ್ಲಿಸು. ಕೀಲು ನೋವು ಬಹುಶಃ ಪೈರಾಜಿನಮೈಡ್‌ನಿಂದ, ರಕ್ತದಲ್ಲಿ ಯೂರಿಕ್ ಆಸಿಡ್ ಏರಿಸುತ್ತದೆ ಅದು.

ಮಾವ ಹೇಳಿದ್ದು ಮಾತ್ರ ಬೇಡವೇ ಬೇಡ. ಮೂರು ಮಾತ್ರೆ ಅನ್ನೋದು 46 ಕೆಜಿ ತೂಕ ನೋಡಿ ಇಟ್ಟ ಲೆಕ್ಕ. ಒಟ್ಟಿಗೆ ನುಂಗಿದಾಗ ರಕ್ತದಲ್ಲಿ ಔಷಧಿ ಒಂದು ಎತ್ತರಕ್ಕೆ ಏರುತ್ತಲ್ವಾ, ಕ್ರಿಮಿ ಸಾಯೋದು ಆಗ. ಒಂದೊಂದೇ ಕೊಟ್ಟರೆ ಆ ಎತ್ತರ ಸಿಗಲ್ಲ. ಮಾತ್ರೆ ಕಮ್ಮಿ ಮಾಡಿದರೆ ಕ್ರಿಮಿ ಸಾಯದೆ ಔಷಧಿಗೇ ಪಳಗಿ ಬಗ್ಗದಂತಾಗುತ್ತೆ, ಲಿವರ್ ತೊಂದರೆಯೂ ತಪ್ಪಲ್ಲ. ನಿಲ್ಲಿಸೋದಾದರೆ ಎಲ್ಲವನ್ನೂ ನಿಲ್ಲಿಸಬೇಕು, ಅವತ್ತೇ ಡಾಕ್ಟರ್ ಮುಂದೆ ಇರಬೇಕು. ಎರಡೂ ಒಟ್ಟಿಗೆ.

ಶುಗರ್ ವಿಷಯ ಡಾಕ್ಟರ್‌ಗೆ ಮರೆಯದೆ ಹೇಳು. ರಿಫಾಂಪಿಸಿನ್ ಕೆಲವು ಶುಗರ್ ಮಾತ್ರೆಗಳ ಬಲ ಇಳಿಸಿಬಿಡುತ್ತೆ. ಈಗ ಊಟ ಬೇರೆ ಇಲ್ಲ, ಶುಗರ್ ಮೇಲೂ ಹೋಗಬಹುದು ಕೆಳಗೂ ಬರಬಹುದು.

ಎರಡನೇ ಮಗನ ಅಮ್ಮ

ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಬಲವನ್ನೂ ಇಳಿಸುತ್ತೆ. ನನಗೆ ಯಾರೂ ಹೇಳಲಿಲ್ಲ. ನನ್ನ ಹೆಸರು ನೋಡಿದರೆ ಆಮೇಲೇನಾಯಿತು ಅಂತ ಗೊತ್ತಾಗುತ್ತೆ. ಮಗ ಚೆನ್ನಾಗಿದ್ದಾನೆ, ಈಗ ಯುಕೆಜಿ. ಇದನ್ನು ಓದುತ್ತಿರುವ ಹೆಣ್ಣುಮಕ್ಕಳು ಡಾಕ್ಟರ್ ಹತ್ತಿರ ನಾಚಿಕೊಳ್ಳದೆ ಕೇಳಿ.

ಮೆಡಿಕಲ್ ಅಂಗಡಿಯವನು

ಸರ್, ಟಿಬಿ ಅಂತ ಗೊತ್ತಾಗೋ ಮೊದಲು ಕೆಮ್ಮಿಗೆ ಏನು ಕೊಟ್ಟಿದ್ರಿ?

ಅರಸೀಕೆರೆ ಹುಡುಗ

@ಮೆಡಿಕಲ್ ಅಂಗಡಿಯವನು ಇಲ್ಲೇ ಒಂದು ಅಂಗಡಿಯಲ್ಲಿ ಕೇಳಿ ಲಿವೊಫ್ಲಾಕ್ಸಸಿನ್ 500. ಐದೈದು ದಿನ, ಎರಡು ಸಲ. ಪ್ರತಿ ಸಲವೂ ಕಮ್ಮಿಯಾಗಿ ಮತ್ತೆ ಬರುತ್ತಿತ್ತು. ಎರಡು ತಿಂಗಳು ಹಾಗೇ ಹೋಯಿತು.

@ಹಳೇ ಹೆಲ್ತ್ ವಿಸಿಟರ್ ಅಣ್ಣ, ನೋಡಿದೆ. ಹಳದಿ ಇದೆ. ಮೂತ್ರವೂ ಈಗ ಕೇಸರಿ ಅಲ್ಲ, ಡಿಕಾಕ್ಷನ್ ಥರ ಕಪ್ಪಗೆ. ಪಕ್ಕದ ಮನೆಯವರು ಕಾಮಾಲೆಗೆ ನಾಟಿ ಔಷಧಿ ಕೊಡುವವರ ಹತ್ತಿರ ಕರೆದುಕೊಂಡು ಹೋಗಿ ಅಂತಿದ್ದಾರೆ.

ಹಳೇ ಹೆಲ್ತ್ ವಿಸಿಟರ್

ನಾಟಿ ಔಷಧಿ ಬೇಡ. ಸೊಪ್ಪು, ಬೇರು, ಬರೆ ಏನೂ ಬೇಡ. ನಾಳೆ ಬೆಳಗಿನ ಟಿಬಿ ಮಾತ್ರೆ ಕೊಡಬೇಡ. ಈಗಲೇ ಹೊರಡು, ತಾಲ್ಲೂಕು ಆಸ್ಪತ್ರೆಯಾದರೂ ಸರಿ, ಜಿಲ್ಲಾಸ್ಪತ್ರೆಯಾದರೂ ಸರಿ. ಮಾತ್ರೆ ಶೀಟು, ಶುಗರ್ ಮಾತ್ರೆ, ಪ್ಯಾರಸಿಟಮಾಲ್ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗು. ಲಿವರ್ ಟೆಸ್ಟ್ ಮಾಡಿಸಿ ಅಂತ ಬಾಯಿಬಿಟ್ಟು ಕೇಳು. ಅಮ್ಮ ಮಂಪರಾಗಿದ್ದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡು. ದಾರಿ ಗೊತ್ತಾಗದಿದ್ದರೆ ಸರ್ಕಾರದ ಟಿಬಿ ಸಹಾಯವಾಣಿ ನಿಕ್ಷಯ್, 1800116666.

ಮೆಡಿಕಲ್ ಅಂಗಡಿಯವನು

ನಾನು ಅಂದುಕೊಂಡಿದ್ದೇ ಆಯಿತು. ಲಿವೊಫ್ಲಾಕ್ಸಸಿನ್ ಟಿಬಿ ಕ್ರಿಮಿ ಮೇಲೂ ಕೆಲಸ ಮಾಡುತ್ತೆ ಸರ್. ಔಷಧಿಗೆ ಬಗ್ಗದ ಟಿಬಿಗೆ ಕೊಡುವ ಮಾತ್ರೆಗಳಲ್ಲಿ ಅದೂ ಒಂದು. ಅದಕ್ಕೇ ಐದು ದಿನ ಕೆಮ್ಮು ಕಮ್ಮಿ ಅನ್ನಿಸುತ್ತೆ, ಕಫ ಪರೀಕ್ಷೆ ಮುಂದಕ್ಕೆ ಹೋಗುತ್ತೆ, ಒಳಗೆ ಕಾಯಿಲೆ ಬೆಳೆಯುತ್ತೆ. 2014ರಿಂದ ಅದು ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಕೊಡೋ ಹಾಗಿಲ್ಲ, ಕೊಟ್ಟರೆ ಡಾಕ್ಟರ್ ಹೆಸರು, ರೋಗಿ ಹೆಸರು ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ನನ್ನ ಅಂಗಡಿಗೆ ದಿನಾ ನಾಲ್ಕು ಜನ ಬಂದು ಕೇಳ್ತಾರೆ. ಇಲ್ಲ ಅಂದರೆ ಬೈದು ಮುಂದಿನ ಅಂಗಡಿಗೆ ಹೋಗ್ತಾರೆ, ಅಲ್ಲಿ ಸಿಗುತ್ತೆ ಕೂಡ. ನಮ್ಮವರದೂ ತಪ್ಪಿದೆ, ಸುಮ್ನೆ ಗಿರಾಕಿ ಮೇಲೆ ಹಾಕಲ್ಲ. ಮೊದಲು ಈ ಮಾತ್ರೆ ಕೊಟ್ಟಿದ್ದು ಈಗಿನ ಡಾಕ್ಟರ್‌ಗೆ ಗೊತ್ತಾಗಲೇಬೇಕು.

ಟೈಲರಕ್ಕ

ಇದು ಮುಂದಕ್ಕೆ ಬೇಕಾಗುತ್ತೆ, ಅದಕ್ಕೆ ಬರೀತಿದ್ದೇನೆ. ನನಗೆ ಲಿವರ್ ಏನೂ ಆಗಲಿಲ್ಲ. ಮೂರನೇ ತಿಂಗಳಲ್ಲಿ ಒಂದು ಸಂಜೆ ಕೆಂಪು ರವಿಕೆಗೆ ಹಸಿರು ದಾರ ಹಾಕಿ ಪೂರಾ ಹೊಲಿದುಬಿಟ್ಟೆ! ಮಗಳು ನೋಡಿ ನಕ್ಕಳು. ಡಬ್ಬಿಯಲ್ಲಿ ಎರಡು ದಾರವೂ ಒಂದೇ ಮಣ್ಣು ಬಣ್ಣ ಕಾಣುತ್ತಿತ್ತು. ಎಥಾಂಬುಟಾಲ್ ಕಣ್ಣಿನ ನರಕ್ಕೆ ತೊಂದರೆ ಕೊಟ್ಟಿತ್ತಂತೆ. ಬೇಗ ಹೇಳಿದ್ದಕ್ಕೆ ಅದೊಂದನ್ನು ನಿಲ್ಲಿಸಿದರು, ನಿಧಾನಕ್ಕೆ ಸರಿಹೋಯಿತು. ಮೊದಲ ಎರಡು ತಿಂಗಳಾದ ಮೇಲೂ ಆ ಔಷಧಿ ಮುಂದುವರಿಯುತ್ತೆ, ಹಾಗಾಗಿ ಅಮ್ಮನಿಗೆ ಆಗಾಗ ಒಂದೊಂದೇ ಕಣ್ಣು ಮುಚ್ಚಿಸಿ ಬಣ್ಣ ಕೇಳಿ. ಕಾಲು ಜೋಮು ಹಿಡಿದರೂ ಹೇಳಿ. ಅದು ಐಸೋನಿಯಾಜಿಡ್‌ನಿಂದ, ಬಿ6 ಮಾತ್ರೆ ಕೊಡುತ್ತಾರೆ.

ಅರಸೀಕೆರೆ ಹುಡುಗ

ಎರಡು ದಿನ ಇಲ್ಲಿಗೆ ಬರಲಾಗಲಿಲ್ಲ, ಕ್ಷಮಿಸಿ. ಅಡ್ಮಿಟ್ ಮಾಡಿದ್ದಾರೆ. ಲಿವರ್ ಟೆಸ್ಟಲ್ಲಿ ಎಸ್‌ಜಿಪಿಟಿ 312, ಇರಬೇಕಾದ್ದು 40ರ ಒಳಗಂತೆ. ಟಿಬಿ ಮಾತ್ರೆ ಪೂರ್ತಿ ನಿಲ್ಲಿಸಿ, ಶುಗರ್‌ಗೆ ಇನ್ಸುಲಿನ್ ಹಾಕಿದ್ದಾರೆ. ಆ ಲಿವರ್ ಅಂಕಿ ಇಳಿದ ಮೇಲೆ ಒಂದೊಂದೇ ಔಷಧಿ ಶುರು ಮಾಡಿ, ನಡುನಡುವೆ ರಕ್ತ ನೋಡಿ, ಯಾವುದು ಆಗಲ್ಲವೋ ಅದನ್ನು ಬಿಡ್ತಾರಂತೆ. ಲಿವೊಫ್ಲಾಕ್ಸಸಿನ್ ವಿಷಯ ಹೇಳಿದೆ. ಡಾಕ್ಟರ್ ತಲೆ ಎತ್ತಿ ನೋಡಿ ಫೈಲಲ್ಲಿ ಬರೆದುಕೊಂಡರು, ಬೈಯಲಿಲ್ಲ.

ಇವತ್ತು ಅಮ್ಮ ಅರ್ಧ ಲೋಟ ಗಂಜಿ ಕುಡಿದರು. ಒಂದು ಅನುಮಾನ, ಆಗಿರುವ 24 ದಿನ ಲೆಕ್ಕಕ್ಕೆ ಬರುತ್ತಾ, ಮತ್ತೆ ಒಂದರಿಂದಲಾ?

ಹಳೇ ಹೆಲ್ತ್ ವಿಸಿಟರ್

ಎಷ್ಟು ದಿನ ನಿಂತಿರುತ್ತೆ, ಯಾವ ಔಷಧಿ ಬಿಡ್ತಾರೆ ಅನ್ನೋದರ ಮೇಲೆ ಡಾಕ್ಟರ್ ಹೇಳ್ತಾರೆ. ಔಷಧಿ ಬದಲಾದರೆ ತಿಂಗಳು ಜಾಸ್ತಿಯಾಗಬಹುದು. ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಒಂದು ನಿಮ್ಮ ಆಶಾ ಅಕ್ಕನ ಕೈಗೆ ಕೊಡು, ಅವರ ಹತ್ತಿರ ಇನ್ನೂ ಮೂರು ಮಾತ್ರೆಯ ಲೆಕ್ಕವೇ ಇರುತ್ತೆ.